ಗಂಟೆ ನಿಂತ ಮೇಲೆ ಒಂದು ಕೇರಿ

ಬೀಜಿಂಗಿನ ಅರಮನೆಯಿಂದ ಉತ್ತರಕ್ಕೆ ಸುಮಾರು 2 ಕಿ.ಮೀ. ನಡೆದರೆ ಎರಡು ಗೋಪುರಗಳು ಒಂದರ ಹಿಂದೊಂದು ಕಾಣುತ್ತವೆ. ಮುಂದಿನದು ನಗಾರಿ ಗೋಪುರ, ಹಿಂದಿನದು ಗಂಟೆ ಗೋಪುರ. ಸುತ್ತಲೂ ಬೂದು ಹೆಂಚಿನ ಅಂಗಳದ ಮನೆಗಳು, 'ಹುಟಾಂಗ್' ಎಂಬ ಓಣಿಗಳು. ಶತಮಾನಗಳ ಕಾಲ ಈ ಊರು ಮಲಗಿದ್ದು, ಎದ್ದದ್ದು ಈ ಗೋಪುರಗಳ ಅಪ್ಪಣೆಯ ಮೇಲೆ.

ಇಲ್ಲಿ ಮೊದಲು ನಗಾರಿ ಗೋಪುರ ಎದ್ದದ್ದು 1272ರಲ್ಲಿ, ಕುಬ್ಲಾಯ್ ಖಾನನ ಕಾಲಕ್ಕೆ. 1293ರಲ್ಲಿ ಕಾಲುವೆ ಮುಗಿದು, ದಕ್ಷಿಣದ ಧಾನ್ಯ ಹೊತ್ತ ದೋಣಿಗಳು ಪಕ್ಕದ ಕೆರೆಗೇ ಬರತೊಡಗಿದವು. ಗೋಪುರದ ಬುಡ ಪೇಟೆಯಾಯಿತು. ಮಿಂಗ್ ಅರಸರು 1420ರಲ್ಲಿ ಮತ್ತೆ ಕಟ್ಟಿಸಿದ ಗಂಟೆ ಗೋಪುರ ಬೆಂಕಿಗೆ ಆಹುತಿಯಾಯಿತು. ಚಿಯೆನ್‌ಲುಂಗ್ ಚಕ್ರವರ್ತಿ 1747ರಲ್ಲಿ ಮುಗಿಸಿದ ಈಗಿನ ಕಟ್ಟಡ ಆ ಪಾಠ ಕಲಿತದ್ದು: ಬರೀ ಕಲ್ಲು, ಇಟ್ಟಿಗೆ. ಒಳಗಿನ ಕಂಚಿನ ಗಂಟೆಯ ತೂಕ ಸುಮಾರು 63 ಟನ್. ಎರಕ ಕೂಡಿಬರದೆ ಕಂಗೆಟ್ಟ ತಂದೆಯನ್ನು ಉಳಿಸಲು ಕಮ್ಮಾರನ ಮಗಳು ಕುದಿಯುವ ಲೋಹಕ್ಕೆ ಹಾರಿದಳೆಂದೂ, ಅವನ ಕೈಗೆ ಸಿಕ್ಕಿದ್ದು ಅವಳ ಒಂದು ಪಾದರಕ್ಷೆ ಮಾತ್ರವೆಂದೂ ಜನ ಹೇಳುತ್ತಾರೆ. ಗಂಟೆಯ ನಾದದ ಕೊನೆಯಲ್ಲಿ 'ಷಿಯೆ' ಎಂಬ ಸದ್ದು ಕೇಳಿಸುತ್ತದಂತೆ. ಚೀನೀ ಭಾಷೆಯಲ್ಲಿ ಹಾಗೆಂದರೆ ಪಾದರಕ್ಷೆ! ಕಥೆ ನಿಜವೋ ಸುಳ್ಳೋ, ರಾತ್ರಿ ಆ ನಾದ ಕೇಳಿ ಮಲಗಿದ ಮಕ್ಕಳು ಅದನ್ನು ಮರೆತಿರಲಾರರು.

ಚೀನಿಯರು ರಾತ್ರಿಯನ್ನು ಎರಡೆರಡು ಗಂಟೆಗಳ ಐದು ಜಾವಗಳಾಗಿ ಎಣಿಸುತ್ತಿದ್ದರು; ಸಂಜೆ 7ಕ್ಕೆ ಆರಂಭ, ಬೆಳಗಿನ 5ಕ್ಕೆ ಮುಕ್ತಾಯ. ಮೊದಲು ನಗಾರಿ, ಅದರ ಹಿಂದೆಯೇ ಗಂಟೆ. ಹದಿನೆಂಟು ಪೆಟ್ಟು ಬೇಗ, ಹದಿನೆಂಟು ನಿಧಾನ. ಹೀಗೆ ಮೂರು ಸಲ, ಒಟ್ಟು 108. ಸಂಜೆಯ ಸದ್ದಿಗೆ ಕೋಟೆಬಾಗಿಲು ಮುಚ್ಚುತ್ತಿತ್ತು.

ನಗಾರಿಗಳು ಇಪ್ಪತ್ತೈದಿದ್ದವು. ಹಳೆಯದು ಈಗ ಉಳಿದಿರುವುದು ಒಂದೇ, ಅದರ ಚರ್ಮ ಸೀಳಿದೆ. 1900ರಲ್ಲಿ ನಗರಕ್ಕೆ ನುಗ್ಗಿದ ಎಂಟು ರಾಷ್ಟ್ರಗಳ ಸೈನಿಕರ ಕತ್ತಿಯ ಗುರುತು ಅದು ಎನ್ನುತ್ತಾರೆ. 1924ರಲ್ಲಿ ಕೊನೆಯ ಚಕ್ರವರ್ತಿ ಪೂಯಿಯನ್ನು ಅರಮನೆಯಿಂದ ಹೊರಹಾಕಿದರು. ಅದೇ ವರ್ಷ ಜಾವ ಸಾರುವುದೂ ನಿಂತಿತು. ನಗಾರಿ ಗೋಪುರಕ್ಕೆ ಅವಮಾನವನ್ನು ನೆನಪಿಸುವ ಹೊಸ ಹೆಸರಿಟ್ಟು, ಪರದೇಶಿ ಸೇನೆಗಳ ಹಾವಳಿಯನ್ನು ಅಲ್ಲಿ ಪ್ರದರ್ಶಿಸಿದರು.

ಓಣಿಯ ಬದುಕು ಮಾತ್ರ ನಿಲ್ಲಲಿಲ್ಲ. ಒಂದು ಕುಟುಂಬದ ಅಂಗಳದಲ್ಲಿ ಹಲವು ಕುಟುಂಬಗಳು ಸೇರಿಕೊಂಡವು. ಅಡಿಗೆಮನೆಗಳು ಅಂಗಳವನ್ನೇ ನುಂಗಿದವು, ಶೌಚಾಲಯ ಬೀದಿಯ ಕೊನೆಯಲ್ಲಿ. ಇದನ್ನೆಲ್ಲ ಸುಂದರವೆಂದು ಕರೆಯುವುದು ದೂರದಿಂದ ನೋಡುವವರಿಗೆ ಸುಲಭ. 2012ರ ಡಿಸೆಂಬರಿನಲ್ಲಿ ಗೋಪುರಗಳ ನಡುವಣ ಚೌಕದ ಮನೆಗಳಿಗೆ ತೆರವಿನ ನೋಟಿಸು ಬಂತು. ಚೌಕಕ್ಕೆ 18ನೆಯ ಶತಮಾನದ ರೂಪ ಮರಳಿಸುವುದೇ ಉದ್ದೇಶವೆಂದು ಅಧಿಕಾರಿಗಳು ವಿವರಿಸಿದರು. ಕೆಲವರು ಪರಿಹಾರ ಪಡೆದು ಸಂತೋಷದಿಂದಲೇ ಹೊರಟರು, ಕೆಲವರು ಒಪ್ಪಲಿಲ್ಲ. ಹಳೆಯ ನಕ್ಷೆಗಾಗಿ ಹಳೆಯ ನೆರೆಹೊರೆ ಚದುರಿತು.

2024ರಲ್ಲಿ ಯುನೆಸ್ಕೋ 7.8 ಕಿ.ಮೀ. ಉದ್ದದ ನಗರದ ನಡುಗೆರೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೆರೆಯ ಉತ್ತರ ತುದಿಯೇ ಈ ಗೋಪುರಗಳು. ಮೇಲಿನ ಅಂತಸ್ತಿನಲ್ಲಿ ಹೊಸ ನಗಾರಿಗಳು ಪ್ರವಾಸಿಗರಿಗಾಗಿ ಮೊಳಗುತ್ತವೆ, ಹಗಲು ಹೊತ್ತಿನಲ್ಲಿ.