ಟೇಲರ್ ಸಾಹೇಬರ ಬೀಗರು

ಹೊರ್ತಿ, ಇಂಡಿ, ಸಿಂದಗಿ ಸೀಮೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಐರೋಪ್ಯರ ವಂಶ ಹುಡುಕುವವರು ಮೊದಲು ಗಡಿ ಯಾವುದೆಂದು ತಿಳಿಯಬೇಕು. ಬಿಜಾಪುರದ ಕಡೆ 1848ರವರೆಗೆ ಸಾತಾರದ ಅರಸರದು, ಆಮೇಲೆ ಮುಂಬಯಿ ಸರ್ಕಾರದ್ದು. ಜಿಲ್ಲಾ ಕಚೇರಿ ಕಲಾದಗಿಯಿಂದ ಬಿಜಾಪುರಕ್ಕೆ ಬಂದದ್ದು 1885ರಲ್ಲಿ. ಸಿಂದಗಿಯಾಚೆಯ ಸುರಪುರವೋ ನಿಜಾಮರಿಗೆ ಕಪ್ಪ ಕೊಡುತ್ತಿದ್ದ ಬೇಡ ನಾಯಕರ ಸಂಸ್ಥಾನ. ಹೀಗಾಗಿ ಕಲಾದಗಿಯ ದಂಡಿನಲ್ಲಿ ಸತ್ತವನ ಹೆಸರು ಮುಂಬಯಿ ಪ್ರಾಂತದ ಚರ್ಚ್ ರಿಜಿಸ್ಟರಿನಲ್ಲಿ, ನಿಜಾಮರ ಸೀಮೆಯ ಸಿಕಂದರಾಬಾದಿನಲ್ಲಿ ಮದುವೆಯಾದವನದು ಮದ್ರಾಸಿನ ರಿಜಿಸ್ಟರಿನಲ್ಲಿ ಸಿಗಬೇಕು. ಈ ರಿಜಿಸ್ಟರುಗಳ ಪ್ರತಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲೇ 1824ರಲ್ಲಿ ಮುಂಬಯಿಯ ವರ್ತಕನೊಬ್ಬನ ಅಂಗಡಿಗೆ ಬಂದ ಹುಡುಗ. ವರ್ತಕನ ವ್ಯಾಪಾರವೇ ಕುಂಟುತ್ತಿತ್ತು. ಹುಡುಗ ನಿಜಾಮರ ಸೇವೆ ಸೇರಿದ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಪಟ್ಟಿಯನ್ನಷ್ಟೇ ನಂಬಿ ಹುಡುಕುವವರು ಎಡವುವುದು ಇಲ್ಲೇ. 1841ರಿಂದ 1853ರವರೆಗೆ ಆತ ಸುರಪುರದ ಆಡಳಿತ ನೋಡಿಕೊಂಡ. ಬಾಲಕ ದೊರೆ ವೆಂಕಟಪ್ಪ ನಾಯಕ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಇಂದಿಗೂ ಟೇಲರ್ ಮಂಜಿಲ್.

ಟೇಲರನ ತಂದೆಯ ಕಡೆಯ ದಾರಿ ಇಂಗ್ಲೆಂಡಿಗೆ ನೇರ ಹೋಗುತ್ತದೆ. ಮಗಳು ಆಲಿಸ್ 1877ರಲ್ಲಿ ಪ್ರಕಟಿಸಿದ ಅವನ ಆತ್ಮಕಥೆಯೂ ಕೈಗೆ ಸಿಗುತ್ತದೆ.

ಕುತೂಹಲ ಇರುವುದು ಬೀಗರ ಕಡೆ. ಹೆಂಡತಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳು. ಆ ಪಾಮರ್ 1780ರಲ್ಲಿ ಹುಟ್ಟಿದ್ದು ಲಖನೌದಲ್ಲಿ. ತಂದೆ ಕಂಪನಿಯ ಜನರಲ್, ತಾಯಿ ಫೈಜ್ ಬಕ್ಷ್ ಎಂಬ ಮುಸ್ಲಿಂ ಮನೆತನದ ಹೆಣ್ಣು. ಭಾರತೀಯ ತಾಯಂದಿರ ಮಕ್ಕಳಿಗೆ ಕಂಪನಿ 1791ರಲ್ಲಿ ನೌಕರಿಯ ಬಾಗಿಲು ಮುಚ್ಚಿತು. ಪಾಮರ್ ನಿಜಾಮರ ಸೈನ್ಯ ಸೇರಿದ, ಬಳಿಕ 1814ರಲ್ಲಿ ಲೇವಾದೇವಿಯ ಕಂಪನಿ ತೆರೆದ. ನಿಜಾಮ ಸರ್ಕಾರಕ್ಕೇ ಸಾಲ ಕೊಟ್ಟ ಆ ಸಂಸ್ಥೆ 1820ರ ದಶಕದಲ್ಲಿ ದಿವಾಳಿಯಾಯಿತು. ಅಂದರೆ ಸುರಪುರದ ಸಾಹೇಬರ ಮಗಳು ಆಲಿಸ್‌ಳ ಮುತ್ತಜ್ಜಿ ಉತ್ತರ ಹಿಂದೂಸ್ತಾನದವಳು.

ಈ ಅಜ್ಜಿ ನಮಗೆ ಹೆಸರಿನೊಂದಿಗೆ ಸಿಕ್ಕಿರುವುದು ಗಂಡ ಜನರಲ್ ಆಗಿದ್ದುದರಿಂದ. ಮಕ್ಕಳೊಡನೆ ಆಕೆ ಕುಳಿತಿರುವ, 1785ರ ಸುಮಾರಿನ ವರ್ಣಚಿತ್ರವೊಂದು ಉಳಿದಿದೆ. ಸಾಮಾನ್ಯ ಸೋಜರ ಮಕ್ಕಳ ಬ್ಯಾಪ್ಟಿಸಂ ದಾಖಲೆಯಲ್ಲಿ ತಾಯಿಯ ಜಾಗ ಎಷ್ಟೋ ಸಲ ಖಾಲಿ, ಇಲ್ಲವೇ ‘ದೇಶೀ ಹೆಂಗಸು’ ಎಂಬ ಎರಡೇ ಶಬ್ದ. ಅಂಥ ಕಡೆ ತಂದೆಯ ಉಯಿಲು ನೋಡಬೇಕು. ದುಡ್ಡು ಹಂಚುವಾಗ ಮಾತ್ರ, ರಿಜಿಸ್ಟರಿನಲ್ಲಿ ಬಿಟ್ಟ ಹೆಸರನ್ನು ಸಾಹೇಬರು ಕೆಲವೊಮ್ಮೆ ಬರೆದಿದ್ದಾರೆ.