ಕಾಡಿನಲ್ಲೊಂದು ಬಿಡಾರ: ನ್ಯೇರಿಯಿಂದ ಕಾರಾಪುರದವರೆಗೆ

ಮಗಳ ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಆಫ್ರಿಕದ ಕಾಡು ತೋರಿಸುತ್ತೇವೆಂದು ನಾವು ಎಂದೋ ಮಾತು ಕೊಟ್ಟಿದ್ದೆವು. ಪರೀಕ್ಷೆ ಮುಗಿಯಿತು, ಮಾತು ಉಳಿಯಿತು. ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿನ ಊಟದ ಮೇಜಿನ ಮೇಲೆ ಎರಡು ವಾರಗಳಿಂದ ಕೀನ್ಯದ ವಸತಿಗೃಹಗಳ ವಿವರಪತ್ರಗಳು ಹರಡಿಕೊಂಡಿವೆ. ಮಸಾಯಿ ಮಾರದ ನದಿಯಂಚಿನ ಗುಡಾರ. ಅದರೊಳಗೆ ಹಿತ್ತಾಳೆಯ ಸ್ನಾನದ ತೊಟ್ಟಿ, ನಾಲ್ಕು ಕಂಬದ ಮಂಚ, ಹಾಸಿಗೆಯಿಂದಲೇ ನೀರಾನೆಗಳನ್ನು ನೋಡಬಹುದೆಂಬ ಭರವಸೆ. ಒಂದು ರಾತ್ರಿಯ ಬಾಡಿಗೆ ಓದಿದಾಗ ನಮಗೆ ನಮ್ಮ ಸಂಬಳದ ಚೀಟಿ ನೆನಪಾಯಿತು. ಕೇಂದ್ರ ಸರ್ಕಾರದ ನೌಕರರಿಗೆ ದೊರೆಯುವ ರಜಾ ಪ್ರವಾಸ ರಿಯಾಯಿತಿ ದೇಶದೊಳಗಿನ ಪ್ರಯಾಣಕ್ಕಷ್ಟೇ ಸಲ್ಲುತ್ತದೆ. ಅದೂ ಟಿಕೆಟ್ಟಿನ ಖರ್ಚಿಗೆ, ವಸತಿಗಲ್ಲ.

ಹಣದ ಲೆಕ್ಕ ಹಾಕುತ್ತಿದ್ದಂತೆ ಇನ್ನೊಂದು ಪ್ರಶ್ನೆ ಎದ್ದಿತು. ಕಾಡಿನ ನಡುವೆ ಇಂಥ ಸುಖವಸತಿ ಇರಬೇಕೆಂಬ ಕಲ್ಪನೆ ಬಂದದ್ದು ಎಲ್ಲಿಂದ? ಆ ದಾರಿಯನ್ನು ಹಿಡಿದು ಓದುತ್ತಾ ಹೋದಾಗ ಅದು ಕೀನ್ಯದಿಂದ ನೇಪಾಳಕ್ಕೆ, ನೇಪಾಳದಿಂದ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರಕ್ಕೆ ಬಂದು ತಲುಪಿತು. ಆ ಚರಿತ್ರೆಯನ್ನು ಬಳಗದ ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲು ಪದದಿಂದಲೇ ಆರಂಭಿಸೋಣ. ದೆಹಲಿಯಲ್ಲಿ ಬದುಕುವ ನಮಗೆ ‘ಸಫರ್’ ಎಂಬುದು ಬಸ್ಸಿನಲ್ಲಿ, ರೈಲಿನಲ್ಲಿ ದಿನವೂ ಕಿವಿಗೆ ಬೀಳುವ ಮಾತು. ಅದೇ ಅರಬ್ಬಿ ಮೂಲದ ಪದ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ‘ಸಫಾರಿ’ ಆಯಿತು. ಅಲ್ಲಿ ಅದರ ಅರ್ಥ ಬರಿಯ ಪ್ರಯಾಣ. ಆ ಪದಕ್ಕೆ ಬೇಟೆಯ ವಾಸನೆ, ಬಳಿಕ ವಿಲಾಸದ ಮೆರುಗು ಅಂಟಿದ್ದು ಬಿಳಿಯರ ಕಾಲದಲ್ಲಿ. ಅಮೆರಿಕದ ಅಧ್ಯಕ್ಷ ಪದವಿಯಿಂದಿಳಿದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಕ್ಕೆ ಬೇಟೆಗೆ ಹೋದಾಗ ಅವರ ಸಾಮಾನು ಹೊರಲು ಇನ್ನೂರಕ್ಕೂ ಹೆಚ್ಚು ಹಮಾಲಿಗಳಿದ್ದರು. ಗುಡಾರ, ಮಂಚ, ಪುಸ್ತಕದ ಪೆಟ್ಟಿಗೆ, ಎಲ್ಲವೂ ಮನುಷ್ಯರ ತಲೆಯ ಮೇಲೆ ಸಾಗಿದವು. ಇಂದು ವಿವರಪತ್ರಗಳಲ್ಲಿ ಕಾಣುವ ಕ್ಯಾನ್ವಾಸ್ ಗುಡಾರ ಆ ಬೇಟೆಗಾರರ ಬಿಡಾರದ ವಂಶದ್ದೇ. ಕೀನ್ಯ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಬಂದೂಕು ಹೋಯಿತು, ಗುಡಾರ ನಿಂತಿತು.

ಎರಡನೆಯ ಮಾದರಿ ಮರದ ಮೇಲಿನದು. 1932ರಲ್ಲಿ ಎರಿಕ್ ಷೆರ್‌ಬ್ರೂಕ್ ವಾಕರ್ ಎಂಬವರು ಕೀನ್ಯದ ನ್ಯೇರಿಯ ಸಮೀಪ ಅಬರ್ಡೇರ್ ಕಾಡಿನಲ್ಲಿ, ಪ್ರಾಣಿಗಳು ನೀರು ಕುಡಿಯಲು ಬರುವ ಕೆರೆಯಂಚಿನ ದೊಡ್ಡ ಮರವೊಂದರ ಮೇಲೆ ಎರಡು ಕೋಣೆಗಳ ಅಟ್ಟಣೆ ಕಟ್ಟಿಸಿದರು. ಹೆಸರು ಟ್ರೀಟಾಪ್ಸ್. 1952ರ ಫೆಬ್ರವರಿ 5ರ ರಾತ್ರಿ ಅಲ್ಲಿ ತಂಗಿದ್ದವರು ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್. ಆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಇಂಗ್ಲೆಂಡಿನ ಸ್ಯಾಂಡ್ರಿಂಗ್‌ಹ್ಯಾಮ್‌ನಲ್ಲಿ ಅವರ ತಂದೆ ತೀರಿಕೊಂಡಿದ್ದರು. ಮರ ಹತ್ತಿದ ರಾಜಕುಮಾರಿ ರಾಣಿಯಾಗಿ ಇಳಿದರೆಂದು ಜಗತ್ತು ಇಂದಿಗೂ ಹೇಳಿಕೊಳ್ಳುತ್ತದೆ. ಆ ರಾತ್ರಿ ಅವರೊಡನಿದ್ದವರಲ್ಲಿ ನೈನಿತಾಲದ ಜಿಮ್ ಕಾರ್ಬೆಟ್ ಒಬ್ಬರು. ದೆಹಲಿಯವರು ವಾರಾಂತ್ಯಕ್ಕೆ ಧಾವಿಸುವ ರಾಷ್ಟ್ರೀಯ ಉದ್ಯಾನಕ್ಕೆ ಯಾರ ಹೆಸರಿದೆಯೋ ಅದೇ ಕಾರ್ಬೆಟ್ 1947ರಲ್ಲಿ ಭಾರತ ಬಿಟ್ಟು ನ್ಯೇರಿಯಲ್ಲಿ ನೆಲೆಸಿದ್ದರು.

ರಾಣಿಯ ಕಥೆಯನ್ನು ಎಲ್ಲ ವಿವರಪತ್ರಗಳೂ ಹೇಳುತ್ತವೆ. ಅದರ ಮುಂದಿನ ಪುಟವನ್ನು ಕಡಿಮೆ ಜನ ಹೇಳುತ್ತಾರೆ. ಎರಡೇ ವರ್ಷಗಳಲ್ಲಿ, 1954ರಲ್ಲಿ, ಮೌ ಮೌ ಹೋರಾಟಗಾರರು ಟ್ರೀಟಾಪ್ಸ್‌ಗೆ ಬೆಂಕಿ ಇಟ್ಟರು. ಬಿಳಿಯ ವಲಸಿಗರ ಪಾಲಾದ ತಮ್ಮ ನೆಲವನ್ನು ಮರಳಿ ಕೇಳುತ್ತಿದ್ದ ಕಿಕುಯು ಜನರ ಬಂಡಾಯ ಅದು. ಆನೆ ನೋಡಲು ಅತಿಥಿಗಳು ಉಸಿರು ಬಿಗಿಹಿಡಿದು ಕುಳಿತಿದ್ದ ಕಾಡಿನಲ್ಲೇ ಆ ಹೋರಾಟಗಾರರು ಅಡಗಿಕೊಂಡಿದ್ದರು. 1957ರಲ್ಲಿ ವಸತಿಗೃಹ ಮೊದಲಿಗಿಂತ ದೊಡ್ಡದಾಗಿ ಮತ್ತೆ ಎದ್ದಿತು.

ಈ ಅಟ್ಟಣೆಯ ಹೆಸರು ಹಿಮಾಲಯದ ತಪ್ಪಲಿಗೆ ಬಂದು ‘ಟೈಗರ್ ಟಾಪ್ಸ್’ ಎಂದಾಯಿತು. 1965ರಲ್ಲಿ ನೇಪಾಳದ ಚಿತವನದಲ್ಲಿ ಆರಂಭವಾದ ಈ ವಸತಿಗೃಹದಲ್ಲಿ ಆನೆಯ ಮೇಲೆ ಕುಳಿತು ಘೇಂಡಾಮೃಗ, ಹುಲಿಗಳನ್ನು ನೋಡುವ ವ್ಯವಸ್ಥೆಯಿತ್ತು. ಊಟ, ವಸತಿ, ಕಾಡಿನ ಸುತ್ತಾಟ, ಪ್ರಾಣಿಗಳ ಬಗ್ಗೆ ತಿಳಿಸಿ ಹೇಳುವ ಪರಿಣತ, ಎಲ್ಲಕ್ಕೂ ಸೇರಿ ಒಂದೇ ದರ. ಅಲ್ಲಿಂದ ಕನ್ನಡನಾಡಿಗೆ ಒಂದೇ ಹೆಜ್ಜೆ. ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದ 1980ರಲ್ಲಿ ಕರ್ನಾಟಕ ಸರ್ಕಾರವು ಟೈಗರ್ ಟಾಪ್ಸ್ ಸಂಸ್ಥೆಯ ಸಹಭಾಗಿತ್ವದಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಎಂಬ ಕಂಪನಿ ಸ್ಥಾಪಿಸಿತು. ಅದರ ಮೊದಲ ನೆಲೆ ಕಾರಾಪುರದ ಕಬಿನಿ ರಿವರ್ ಲಾಡ್ಜ್. ಬಳಿಕ ಖಾಸಗಿ ಪಾಲುದಾರರು ಹಿಂದೆ ಸರಿದು, ಕಂಪನಿ ಸಂಪೂರ್ಣವಾಗಿ ಸರ್ಕಾರದ್ದಾಯಿತು. ಆ ವಸತಿಗೃಹವನ್ನು ರೂಪಿಸಿ ಅಲ್ಲೇ ಬಾಳಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್. 1916ರಲ್ಲಿ ಬಿಹಾರದ ಗಯಾದಲ್ಲಿ ಹುಟ್ಟಿ, ಹರೆಯದಲ್ಲಿ ಬೇಟೆಗಾರರಾಗಿದ್ದು, ಕಡೆಗೆ ಕಾಡು ಕಾಯುವವರ ಬಳಗ ಸೇರಿದ ಅವರನ್ನು ಎಲ್ಲರೂ ‘ಪಾಪಾ’ ಎಂದೇ ಕರೆಯುತ್ತಿದ್ದರು. 2010ರಲ್ಲಿ ತೀರಿಕೊಳ್ಳುವವರೆಗೂ ಕಬಿನಿಯೇ ಅವರ ಮನೆಯಾಗಿತ್ತು.

ಆದರೆ ಕಾರಾಪುರಕ್ಕೆ ಬಿಡಾರದ ಪರಿಚಯ 1980ರಲ್ಲಿ ಆದದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ಜಿ. ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಖೆಡ್ಡಾ ಪದ್ಧತಿಯಿಂದ ಆನೆ ಹಿಡಿಯುವುದನ್ನು ಆರಂಭಿಸಿದರು. ಮುಂದೆ ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಯಿತು. ಹಿಂಡನ್ನು ವಾರಗಟ್ಟಲೆ ತಮಟೆ, ಬೆಂಕಿ, ಕೂಗಿನಿಂದ ಅಟ್ಟಿ, ಹೊಳೆ ದಾಟಿಸಿ, ದಿಮ್ಮಿಗಳ ದೊಡ್ಡಿಯೊಳಗೆ ನೂಕುವುದು ಅದರ ಕ್ರಮ. ಅರಮನೆಯ ಅತಿಥಿಗಳಿಗೆ ಅದೊಂದು ಮಹಾ ಪ್ರದರ್ಶನ. 1906ರಲ್ಲಿ ಪ್ರಿನ್ಸ್ ಆಫ್ ವೇಲ್ಸ್, ಮುಂದಿನ ಐದನೆಯ ಜಾರ್ಜ್, ಬಂದಾಗ ಕಾರಾಪುರದ ಬಯಲಿನಲ್ಲಿ ಗುಡಾರಗಳ ಊರೇ ಎದ್ದಿತ್ತು. ಮಹಾರಾಜರ ಬೇಟೆಯ ಬಂಗಲೆ, ವೈಸರಾಯರ ಬಂಗಲೆ ಎಂದು ಇಂದಿನ ಪ್ರವಾಸಿಗರಿಗೆ ತೋರಿಸುವ ಕಟ್ಟಡಗಳು ಆ ಕಾಲದ ಕುರುಹುಗಳು. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಆ ಬಿಡಾರಗಳ ಚಿತ್ರಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರ ಹೆಸರುಗಳೆಲ್ಲ ದಾಖಲಾಗಿವೆ. ಹಿಂಡಿನ ಜಾಡು ಹಿಡಿದವರು, ರಾತ್ರಿಯಿಡೀ ಬೆಂಕಿ ಕಾದವರು, ಹಿಡಿದ ಆನೆಗೆ ಹಗ್ಗ ಬಿಗಿದವರು ಜೇನುಕುರುಬರು, ಬೆಟ್ಟಕುರುಬರು, ಮಾವುತರು, ಕಾವಾಡಿಗರು. ಅವರಲ್ಲಿ ಹೊರಜಗತ್ತು ಹೆಸರು ಹಿಡಿದು ಕರೆದದ್ದು ತೀರ ಕೆಲವರನ್ನು. ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು ಅಂಥ ಒಬ್ಬ. ರಾಬರ್ಟ್ ಫ್ಲಾಹರ್ಟಿ ಮೈಸೂರಿನಲ್ಲಿ ಚಿತ್ರೀಕರಿಸಿದ, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಆ ಹುಡುಗ ಹಾಲಿವುಡ್ಡಿನವರೆಗೂ ಹೋದ. ಕಾಡಿನವರ ಕಡೆಯಿಂದ ಈ ನಂಟನ್ನು ನೋಡಿದ ಕೃತಿಯೊಂದು ಕನ್ನಡದಲ್ಲಿದೆ ಎನ್ನುವುದು ನಮಗೆ ಸಮಾಧಾನದ ಸಂಗತಿ. ಮಾಸ್ತಿಯವರ ‘ಕಾಕನಕೋಟೆ’ ನಾಟಕದ ವಸ್ತುವೇ ಕಾಡುಕುರುಬರ ಹಾಡಿಗೂ ಮೈಸೂರು ಅರಮನೆಗೂ ನಡುವಿನ ಸಂಬಂಧ. 1977ರಲ್ಲಿ ಸಿ. ಆರ್. ಸಿಂಹ ಅದನ್ನು ಚಲನಚಿತ್ರವಾಗಿಸಿದರು.

ಆ ಹೊತ್ತಿಗೆ ಕಾಕನಕೋಟೆಯ ಬಹುಭಾಗ ನೀರಿನಡಿ ಸೇರಿತ್ತು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡಾಗ ಕಾಡಿನ ಜೊತೆಗೆ ಹಲವು ಹಳ್ಳಿಗಳೂ ಮುಳುಗಿದವು. ಅದೇ ದಶಕದಲ್ಲಿ, 1972ರ ವನ್ಯಜೀವಿ ಕಾಯಿದೆಯ ನಂತರ, ಸುತ್ತಲ ಕಾಡುಗಳ ಕಾವಲು ಬಿಗಿಯಾಯಿತು. ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. ಪ್ರಾಣಿಗಳಿಗೆ ಇದರಿಂದ ಒಳಿತಾಯಿತು ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ನಾಗರಹೊಳೆಯೊಳಗಿದ್ದ ಅನೇಕ ಹಾಡಿಗಳು ಕಾಡಿನಂಚಿಗೆ ಸರಿಯಬೇಕಾಯಿತು. ಜೇನು, ಗೆಡ್ಡೆ, ಸೌದೆಗೆ ಕಾಡಿಗೆ ಹೋಗುವುದು ಅಪರಾಧವಾಯಿತು.

ಈ ಹಿನ್ನೆಲೆಯಲ್ಲಿ ಮುರ್ಕಲ್‌ನ ಪ್ರಕರಣವನ್ನು ನೋಡಬೇಕು. 1990ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿನ ಮುರ್ಕಲ್‌ನಲ್ಲಿ ಅರಣ್ಯ ಇಲಾಖೆಯ ಕಟ್ಟಡಗಳನ್ನು ತಾಜ್ ಸಮೂಹದ ಅಂಗಸಂಸ್ಥೆಯೊಂದಕ್ಕೆ ಪ್ರವಾಸಿ ವಸತಿಗಾಗಿ ಗುತ್ತಿಗೆ ಕೊಡಲಾಯಿತು. ತಮ್ಮ ಗುಡಿಸಲು ಕಾಡಿಗೆ ಹಾನಿಯಾದರೆ ಹೋಟೆಲು ಹೇಗೆ ಹಾನಿಯಲ್ಲವೆಂಬುದು ಆದಿವಾಸಿಗಳ ಪ್ರಶ್ನೆ. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನ ಮೆಟ್ಟಿಲೇರಿತು. 1997ರಲ್ಲಿ ನ್ಯಾಯಾಲಯವು, 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಟ್ಟ ಆ ಗುತ್ತಿಗೆ ಸಲ್ಲದೆಂದು ತೀರ್ಪಿತ್ತಿತು. ಆ ವಸತಿಗೃಹ ಅತಿಥಿಗಳಿಗೆ ತೆರೆಯಲೇ ಇಲ್ಲ. ಕಡತಗಳ ನಡುವೆಯೇ ಆಯುಷ್ಯ ಕಳೆಯುವ ನಮಗೆ ‘ಪೂರ್ವಾನುಮತಿ’ ಎಂಬ ಒಣ ಪದಕ್ಕೆ ಇಷ್ಟು ಶಕ್ತಿ ಇದೆಯೆಂದು ಮನವರಿಕೆಯಾದದ್ದು ಈ ಪ್ರಕರಣ ಓದಿದಾಗ. ಕಾಡಿನವರ ಹಕ್ಕನ್ನೇ ಹೆಸರಿಸಿ ಮನ್ನಿಸುವ ಕಾಯಿದೆ ಬಂದದ್ದು ಇನ್ನೂ ಒಂಬತ್ತು ವರ್ಷಗಳ ನಂತರ, 2006ರಲ್ಲಿ.

ಆಫ್ರಿಕದ ಕಥೆಯೂ ಬೇರೆಯಲ್ಲ. ಟಾಂಜಾನಿಯದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದಿಂದ ಮಸಾಯಿ ದನಗಾಹಿಗಳನ್ನು 1959ರಲ್ಲಿ ಹೊರಗೆ ಕಳುಹಿಸಿ, ನೆರೆಯ ಎನ್‌ಗೊರೊಂಗೊರೊ ಪ್ರದೇಶದಲ್ಲಿ ನೆಲೆಗೊಳಿಸಲಾಯಿತು. ‘ಮನುಷ್ಯರ ಸುಳಿವಿಲ್ಲದ ಬಯಲು’ ಎಂದು ಪ್ರವಾಸಿಗರಿಗೆ ಬಣ್ಣಿಸುವ ಹುಲ್ಲುಗಾವಲಿನಲ್ಲಿ ಹಿಂದೆ ದನಗಳ ಕೊರಳ ಗಂಟೆ ಕೇಳುತ್ತಿತ್ತು. ಆದರೆ ಅಲ್ಲಿಂದಲೇ ಇನ್ನೊಂದು ಮಾದರಿಯೂ ಬಂದಿದೆ. ಈ ಶತಮಾನದ ಮೊದಲ ದಶಕದಿಂದ ಮಸಾಯಿ ಮಾರ ಅಭಯಾರಣ್ಯದ ಅಂಚಿನ ಜಮೀನುಗಳ ಮಸಾಯಿ ಒಡೆಯರು ಒಟ್ಟುಗೂಡಿ ತಮ್ಮ ನೆಲವನ್ನು ವನ್ಯಜೀವಿಗಳಿಗಾಗಿ ಬಿಟ್ಟುಕೊಟ್ಟು, ವಸತಿಗೃಹಗಳಿಂದ ಗೇಣಿ ಪಡೆಯುತ್ತಿದ್ದಾರೆ. ಅಲ್ಲಿಯೂ ತಕರಾರುಗಳಿವೆ, ಮೇವಿನ ಕಾಲದಲ್ಲಿ ದನಗಳನ್ನು ಎಲ್ಲಿಗೆ ಹೊಡೆಯಬೇಕೆಂಬ ಚಿಂತೆ ಇದ್ದೇ ಇದೆ. ಆದರೂ ನೆಲದವರು ಅಲ್ಲಿ ಕೈಚಾಚಿ ನಿಂತವರಲ್ಲ, ಕರಾರಿಗೆ ಸಹಿ ಹಾಕಿದವರು.

ಇಷ್ಟೆಲ್ಲ ಬರೆಯುವ ನಾವು ಯಾರೆಂಬುದನ್ನೂ ಹೇಳಬೇಕು. ವಿನಯ ನಗರವೆಂದು ಕರೆಸಿಕೊಳ್ಳುತ್ತಿದ್ದ ಈ ಸರ್ಕಾರಿ ವಸಾಹತು ಸರೋಜಿನಿ ನಾಯ್ಡು ಅವರ ಹೆಸರು ಪಡೆದು ದಶಕಗಳಾದವು. ನಾವು ಮೊದಲಿದ್ದದ್ದು ಹಳೆಯ ಎರಡಂತಸ್ತಿನ ಮನೆಯಲ್ಲಿ; ಮುಂದೆ ಬೇವಿನ ಮರ, ಹಿಂದೆ ನೇರಳೆ. ದೆಹಲಿಯ ಏಳು ಸರ್ಕಾರಿ ವಸಾಹತುಗಳನ್ನು ಕೆಡವಿ ಬಹುಮಹಡಿ ಕಟ್ಟುವ ಯೋಜನೆಗಾಗಿ 16,000ಕ್ಕೂ ಹೆಚ್ಚು ಮರಗಳು ಉರುಳಲಿವೆ ಎಂದು 2018ರಲ್ಲಿ ತಿಳಿದಾಗ ಜನ ಬೀದಿಗಿಳಿದು ಮರಗಳನ್ನು ತಬ್ಬಿ ನಿಂತರು. ದೆಹಲಿ ಹೈಕೋರ್ಟು ಕಡಿತಕ್ಕೆ ತಡೆ ಕೊಟ್ಟಿತು. ಆ ಜೂನ್ ಸಂಜೆ ನಾವೂ ಹೋಗಿದ್ದೆವು. ಆದರೆ ಹಿಂದಿನ ಸಾಲಿನಲ್ಲಿ, ಕಚೇರಿಯವರ ಕಣ್ಣಿಗೆ ಬೀಳದಂತೆ. ನಮ್ಮ ಬೇವು ಆಗಲೇ ಹೋಗಿತ್ತು. ಈಗ ನಾವಿರುವುದು ಹೊಸ ಕಟ್ಟಡದ ಮೇಲಂತಸ್ತಿನಲ್ಲಿ. ಲಿಫ್ಟಿದೆ, ನೀರಿದೆ, ಸುಖವಿದೆ. ಹಾಡಿಯವರ ದುಃಖಕ್ಕೆ ಇದನ್ನು ಹೋಲಿಸಲು ನಮಗೆ ಬಾಯಿಲ್ಲ. ನಮ್ಮನ್ನು ಹಳೆಯ ಮನೆಯಿಂದ ಎಬ್ಬಿಸುವ ಮೊದಲು ಬೇರೆ ಮನೆಯ ಹಂಚಿಕೆ ಪತ್ರ ಕೈಗಿತ್ತರು. ಆ ಒಂದು ಹಾಳೆಯ ಬೆಲೆ ನಮಗೆ ಗೊತ್ತು.

ಆದ್ದರಿಂದ ವಸತಿ ಆರಿಸುವಾಗ ಹಾಸಿಗೆಯ ದಪ್ಪ ಕೇಳುವ ಮೊದಲು ಬೇರೆ ನಾಲ್ಕು ಪ್ರಶ್ನೆ ಕೇಳಬೇಕೆಂದು ನಾವು ಮೂವರೂ ನಿರ್ಧರಿಸಿದೆವು. ಈ ನೆಲ ಯಾರದು, ಅದಕ್ಕೆ ಬಾಡಿಗೆ ಯಾರಿಗೆ ಸಲ್ಲುತ್ತದೆ? ಇಲ್ಲಿ ಮೊದಲು ವಾಸವಿದ್ದವರು ಈಗ ಎಲ್ಲಿದ್ದಾರೆ? ಕೆಲಸದವರಲ್ಲಿ ಆ ಊರಿನವರೆಷ್ಟು, ಅವರು ಪಾತ್ರೆ ತೊಳೆಯುವುದಕ್ಕಷ್ಟೇ ಇದ್ದಾರೆಯೇ ಅಥವಾ ಕಾಡು ತೋರಿಸುವ ಕೆಲಸದಲ್ಲೂ ಇದ್ದಾರೆಯೇ? ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ? ಮಗಳು ಇವನ್ನು ಇಂಗ್ಲಿಷಿಗೆ ಇಳಿಸಿ ಐದು ಕಡೆ ಕಳುಹಿಸಿದಳು. ಮೂರು ಕಡೆಯಿಂದ ಉತ್ತರ ಬಂತು. ಒಂದು ಉತ್ತರದಲ್ಲಿ ಹಿತ್ತಾಳೆಯ ತೊಟ್ಟಿಯ ಇನ್ನೊಂದು ಚಿತ್ರವಿತ್ತು. ಒಂದರಲ್ಲಿ ಮಾತ್ರ ನಾಲ್ಕಕ್ಕೂ ನೇರ ಜವಾಬಿತ್ತು. ಅದು ಮಸಾಯಿ ಒಡೆಯರ ನೆಲದ ಮೇಲಿನ ಸಣ್ಣ ಬಿಡಾರ. ಬಾಡಿಗೆ ಈಗಲೂ ನಮ್ಮ ಕೈಗೆ ನಿಲುಕದು. ಎರಡು ವರ್ಷ ಕೂಡಿಡೋಣವೆಂದು ಮಗಳೇ ಹೇಳಿದಳು.

ಈ ಬೇಸಗೆಗೆ ಸ್ವಂತ ಊರಿನ ರಿಯಾಯಿತಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದ್ದೇವೆ. ಮೈಸೂರಿನ ನೆಂಟರ ಮನೆಯಿಂದ ಎರಡು ದಿನ ಕಬಿನಿಗೆ. ಅದೇ ನಾಲ್ಕು ಪ್ರಶ್ನೆಗಳನ್ನು ಅಲ್ಲಿ ಕನ್ನಡದಲ್ಲೇ, ಎದುರು ಕುಳಿತು ಕೇಳಬಹುದು. ಬೇಸಗೆಯಲ್ಲಿ ಜಲಾಶಯದ ನೀರು ಇಳಿದಂತೆ ಅಂಚಿನ ನೆಲ ಬಯಲಾಗಿ ಅಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ನಾಗರಹೊಳೆ, ಬಂಡೀಪುರ, ವಯನಾಡುಗಳಿಂದ ಆನೆಗಳು ನೂರಾರು ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಹಿಂದೆ ಊರು, ಕಾಡು ಎರಡೂ ಇದ್ದ ನೆಲ ಅದು. ದೋಣಿಯಲ್ಲಿ ಹೋಗುವಾಗ ಆನೆಗಳನ್ನು ತೋರಿಸುವವರನ್ನು, ಇಲ್ಲಿದ್ದ ಹಳ್ಳಿಗಳ ಹೆಸರನ್ನೂ ಹೇಳಿರೆಂದು ಕೇಳಬೇಕೆಂದಿದ್ದೇವೆ. ಹೇಳಿದರೆ ಬರೆದುಕೊಂಡು ಬಂದು ಬಳಗಕ್ಕೆ ಒಪ್ಪಿಸುತ್ತೇವೆ.