ತುಳುನಾಡಿನ ಬಹುಭಾಷಾ ಕಾವ್ಯ

ಮನೆಮಾತು ಒಂದು, ಪೇಟೆಯ ಮಾತು ಇನ್ನೊಂದು, ಬರೆಯುವ ಭಾಷೆ ಮತ್ತೊಂದು ಆಗಿರುವ ಮಂಗಳೂರು–ಮಂಜೇಶ್ವರ ಸೀಮೆಯಲ್ಲಿ ಬೆಳೆದ ಕಾವ್ಯ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಇಲ್ಲಿ ದಿನಬಳಕೆಯ ನುಡಿಗಳು. ಉಡುಪಿ, ಬಂಟ್ವಾಳ, ಕೇರಳದ ಕಡೆಯ ಹೆದ್ದಾರಿಗಳು ಕೂಡುವ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಇವೆಲ್ಲವೂ ಕೇಳಿಸುತ್ತವೆ.

ಪಂಪ್‌ವೆಲ್‌ಗೆ ಸಮೀಪದ ಕಂಕನಾಡಿ ಗರೋಡಿ ಕೋಟಿ–ಚೆನ್ನಯರ ಆರಾಧನೆಯ ಸ್ಥಳ. ಈ ಅವಳಿ ವೀರರ ಕಥೆ ಉಳಿದು ಬಂದದ್ದು ತುಳುವಿನ ಕಥನಗೀತೆಗಳಾದ ಪಾಡ್ದನಗಳಲ್ಲಿ. ನೇಜಿ ನೆಡುವ ಹೆಂಗಸರ ಬಾಯಲ್ಲಿ, ಭೂತಾರಾಧನೆಯ ಅಂಗಳದಲ್ಲಿ. ಪಾಡ್ದನವನ್ನು ಬಿಡಿ ಹಾಡೆಂದು ಬದಿಗಿಡುವಂತಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರ ತಂಡ 1990ರಲ್ಲಿ ಧ್ವನಿಮುದ್ರಿಸಿಕೊಂಡಾಗ ಅದು 15,683 ಸಾಲುಗಳಷ್ಟಾಯಿತು.

ಕೋಟಿ–ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದವರು ಪಂಜೆ ಮಂಗೇಶರಾಯರು (1874–1937). ಅವರ ಮನೆಮಾತು ಕೊಂಕಣಿ, ಹುಟ್ಟೂರು ಬಂಟ್ವಾಳ. ಅವರೇ ಕೊಡಗಿನವರಿಗಾಗಿ ‘ಹುತ್ತರಿಯ ಹಾಡು’ ಬರೆದರು. ಹುತ್ತರಿ ಎಂದರೆ ಕೊಡವರ ಪುತ್ತರಿ, ಹೊಸ ಅಕ್ಕಿಯ ಹಬ್ಬ. ತುಳುವರೂ ಹೊಸ ತೆನೆಯನ್ನು ಮನೆ ತುಂಬಿಸಿಕೊಂಡು ಪುದ್ವಾರ್ ಊಟ ಮಾಡುವವರೇ. ಘಟ್ಟದ ಮೇಲಿನ ಸಂಭ್ರಮ ಕರಾವಳಿಯ ಕವಿಗೆ ಅಷ್ಟು ಬೇಗ ಒಲಿದದ್ದು ಈ ಹತ್ತಿರದ ನಂಟಿನಿಂದಲೇ ಇರಬೇಕು.

ಎಂ. ಗೋವಿಂದ ಪೈಗಳ (1883–1963) ದಾರಿ ಬೇರೆ. ಕೊಂಕಣಿ ಮಾತಾಡುವ ಮನೆಯವರಾದ ಅವರು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ನಿರ್ವಾಣವನ್ನು ‘ವೈಶಾಖಿ’ಯಲ್ಲಿ ಹಾಡಿದರು, ಜಪಾನಿನ ನೋ ನಾಟಕಗಳನ್ನೂ ಕನ್ನಡಿಸಿದರು. ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟ ಧೈರ್ಯ ಅವರದು. ಆದರೆ ಪ್ರಾಸ ಬಿಟ್ಟ ಕವಿ ಹಳಗನ್ನಡದ ಪದಸಂಪತ್ತನ್ನು ಬಿಡಲಿಲ್ಲ. ಯೆರೂಸಲೇಮಿನ ಸಂಕಟಕ್ಕೆ ಪಂಪ–ರನ್ನರ ಕಾಲದ ಗಾಂಭೀರ್ಯದ ನುಡಿ ಒದಗಿದ್ದರಿಂದ ಕನ್ನಡದ ಓದುಗರಿಗೆ ಅದು ದೂರದೇಶದ ಸುದ್ದಿಯಾಗಿ ಕಾಣಿಸುವುದಿಲ್ಲ. ಓದು ಸುಲಭವಲ್ಲ, ನಿಜ, ನಿಘಂಟು ಪಕ್ಕದಲ್ಲಿರಬೇಕು. 1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. 1956ರಲ್ಲಿ ಅವರ ಮಂಜೇಶ್ವರ ಕೇರಳಕ್ಕೆ ಸೇರಿತು. ಕನ್ನಡನಾಡಿನಿಂದ ಅಗಲಿದ ಆ ನೋವನ್ನು ಕನ್ನಡದಲ್ಲಿ ಹಾಡಿದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ತುಳುವಿನಲ್ಲೂ ಕವಿತೆ ಬರೆದವರು.

ಮಂದಾರ ಕೇಶವ ಭಟ್ಟರ (1918–1997) ‘ಮಂದಾರ ರಾಮಾಯಣ’ (1977) ತುಳುವಿನ ಕಥೆಯನ್ನು ಕನ್ನಡಕ್ಕೆ ತಂದ ಪಂಜೆಯವರ ಕೆಲಸಕ್ಕೆ ಎದುರು ದಿಕ್ಕಿನ ನಡೆ. ಸಂಸ್ಕೃತದ ಕಥೆ ಇಲ್ಲಿ ತುಳುವಿಗೆ ಇಳಿದಿದೆ. ವಾಲ್ಮೀಕಿಯ ಹೆಸರಿನಲ್ಲಿ ಅಡಗಿರುವ ಹುತ್ತ ತುಳುವಿನಲ್ಲಿ ‘ಪುಂಚ’. ಕವಿ ಆತನನ್ನು ‘ಪುಂಚದ ಬಾಲೆ’, ಹುತ್ತದ ಮಗು, ಎಂದು ಕರೆದರು. ಆ ಒಂದೇ ಮಾತಿನಿಂದ ಆದಿಕವಿ ನಾಗನಕಲ್ಲಿನ ನಾಡಿನವನಾಗಿಬಿಡುತ್ತಾನೆ.

ಕೊಂಕಣಿ, ಬ್ಯಾರಿ, ತುಳು ಕವಿತೆಗಳು ಮಂಗಳೂರಿನಲ್ಲಿ ಹೆಚ್ಚಾಗಿ ಅಚ್ಚಾಗುವುದು ಕನ್ನಡ ಲಿಪಿಯಲ್ಲಿ. ಈ ಲಿಪಿಯಲ್ಲೇ ಬರೆದ ಚಾಫ್ರಾ ಡಿಕೋಸ್ತ ಅವರಿಗೆ 1989ರಲ್ಲೂ ಮೆಲ್ವಿನ್ ರೊಡ್ರಿಗಸ್ ಅವರಿಗೆ 2011ರಲ್ಲೂ ಕೊಂಕಣಿ ಕಾವ್ಯಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಲಿಪಿಗೆ ಎಲ್ಲ ಸ್ವರಗಳೂ ದಕ್ಕುವುದಿಲ್ಲ. ತುಳುವಿನ ‘ಬತ್ತೆ’ ಎಂಬುದಕ್ಕೆ ‘ನಾನು ಬಂದೆ’ ಎಂದೂ ‘ಅವನು ಬಂದ’ ಎಂದೂ ಅರ್ಥವಿದೆ. ಕೊನೆಯ ಎಕಾರ ತೆರೆದು ನುಡಿದರೆ ನಾನು, ಮುಚ್ಚಿ ನುಡಿದರೆ ಅವನು. ಅಚ್ಚಿನಲ್ಲಿ ಎರಡೂ ಒಂದೇ. ಹಾಗಾಗಿ ತುಳು ಕವಿತೆಯನ್ನು ತಿಳಿದವರ ಬಾಯಿಂದ ಒಮ್ಮೆ ಕೇಳಿಸಿಕೊಂಡು ಆಮೇಲೆ ಓದುವುದು ಒಳ್ಳೆಯದು.